ಮನಿ ಉಳ್ಳಾಗಡ್ಡಿ ಬ್ಯಾರೆ, ಮಾರೂ ಉಳ್ಳಾಗಡ್ಡಿ ಬ್ಯಾರೆ

ಹೋದ ವಾರ ಗಂಗಾವತಿಯಿಂದ ನಮ್ಮ ತಂಗಿ ಫೋನ್ ಮಾಡಿದ್ಲು. "ಅಕ್ಕಾ, ಈ ಸಲ ಹಿತ್ತಲದಾಗ ಸಿಹಿ ಉಳ್ಳಾಗಡ್ಡಿ ಹಚ್ಚಬೇಕಂತ ಮಾಡೀನಿ. ಹೆಚ್ಚೂವಾಗ ಕಣ್ಣಾಗ ನೀರು ಬರಬಾರದು, ಗಡ್ಡಿ ದಪ್ಪ ಇರಬೇಕು, ವರ್ಷ ಇಟ್ರೂ ಕೆಡಬಾರದು. ಅಂಥಾದ್ದು ಯಾವುದೈತಿ ಹೇಳು" ಅಂದ್ಲು. ನನಗ ನಗಿ ತಡೀಲಾಕ ಆಗಲಿಲ್ಲ. ಅಳಿಯ ಚೆಲುವ ಇರಬೇಕು, ಹೊಲಮನಿ ಇರಬೇಕು, ಮನ್ಯಾಗ ಅತ್ತಿ ಮಾತ್ರ ಇರಬಾರದು ಅಂದಂಗಾತು ಇದು ಅಂದೆ. ಅಕಿ ಸಿಟ್ಟು ಮಾಡಿಕೊಂಡು ಫೋನ್ ಇಟ್ಲು. ಅಕಿಗೆ ಹೇಳಬೇಕಾದ್ದನ್ನ ನಿಮಗೆಲ್ಲಾರಿಗೂ ಹೇಳಿದಂಗಾಗಲಿ ಅಂತ ಇಲ್ಲಿ ಬರೀತೀನಿ.

ನನ್ನ ಮಾತು ಇಷ್ಟ. ಮನಿಗೆ ಬೇಕಾದ ಉಳ್ಳಾಗಡ್ಡಿನ ಹೊಲದ ರಾಶಿಯೊಳಗ ಉಳಿಸ್ತೀವಿ ಅಂದ್ರ ಉಳಿಯೂದಿಲ್ಲ. ಅದನ್ನ ಹಿತ್ತಲದಾಗ, ಚಳಿಗಾಲದಾಗ, ಬ್ಯಾರೇನ ಬೆಳೀಬೇಕು. ಬೆಳೆಯೂವಾಗ ಸಿಹಿ ಐತೋ ದಪ್ಪ ಐತೋ ಅಂತ ನೋಡಬಾರದು, ಬಾಳಿಕಿ ಬರತೈತೋ ಇಲ್ಲೋ ಅಂತ ನೋಡಬೇಕು. ಇದನ್ನ ನಾ ಯಾವ ಪುಸ್ತಕ ಓದಿ ಕಲಿತಿಲ್ಲ, ಮಾನ ಕಳಕೊಂಡು ಕಲಿತೀನಿ.

ನಮ್ಮದು ಯಲಬುರ್ಗಾ ಕಡೆ ಎರಿ ಹೊಲ. ಮುಂಗಾರಿಗೆ ಉಳ್ಳಾಗಡ್ಡಿ ಬಿತ್ತೂದು ಮನಿತನದ ರೂಢಿ. 2018ರ ಕಡೀಗೆ ದರ ಹ್ಯಾಂಗ ಬಿತ್ತು ಅನ್ನೂದು ನಿಮಗೂ ನೆನಪಿರಬೇಕು. ಕಿತ್ತ ಕೂಲಿ, ಚೀಲದ ರೊಕ್ಕ, ಲಾರಿ ಬಾಡಗಿ ಕೂಡಿಸಿದ್ರ ಬಂದ ರೊಕ್ಕ ಅದಕ್ಕೂ ಸಾಲಲಿಲ್ಲ. ನಮ್ಮನಿಯವ್ರು ಉಳಿದಿದ್ದನ್ನ ಕೀಳಲೂ ಇಲ್ಲ, ಕುರಿ ಬಿಟ್ಟು ಮೇಯಿಸಿದ್ರು. ಮರುವರ್ಷ 2019ರಾಗ ಉಲ್ಟಾ ಆತು. ಕೀಳೂ ಹೊತ್ತಿಗೆ ಮಳಿ ಹತ್ತಿ ಅರ್ಧ ಬೆಳಿ ಹೊಲದಾಗ ಕೊಳೀತು. ಉಳಿದ ಅರ್ಧಕ್ಕ ದರ ಬಂತಂತ ಒಂದು ಗಡ್ಡಿ ಬಿಡದಂಗ ಮಾರಿದ್ವಿ. ಸರ್ಕಾರ ಸೆಪ್ಟೆಂಬರ್ 29ಕ್ಕ ಹೊರದೇಶಕ್ಕ ಕಳಸೂದನ್ನ ನಿಲ್ಲಿಸಿತು, ಆದ್ರೂ ದರ ಏರಿಕೋತ ಹೋಗಿ ಡಿಸೆಂಬರ್‌ನ್ಯಾಗ ಕಿಲೋಕ್ಕ ನೂರು ದಾಟಿತು.

ಅದೇ ಡಿಸೆಂಬರ್‌ನ್ಯಾಗ ನಮ್ಮ ಮನಿಗೆ ಹೊಸ ಬೀಗರು ಬಂದ್ರು. ಮೊದಲನೇ ಊಟ. ಬಿಸಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮೊಸರು, ಎಲ್ಲಾ ಇತ್ತು. ತಾಟಿನ ದಂಡಿಗೆ ಇಡಾಕ ಒಂದು ಹಸಿ ಉಳ್ಳಾಗಡ್ಡಿ ಇರಲಿಲ್ಲ. ಮೂಲಂಗಿ ಹೆಚ್ಚಿಟ್ಟೆ. ಬೀಗತಿ ಏನೂ ಅನ್ನಲಿಲ್ಲ, ಆದ್ರ ತಾಟು ನೋಡಿದ್ಲು, ನನ್ನ ಮಾರಿ ನೋಡಿದ್ಲು. ಮಗ್ಗಲ ಮನಿ ಅಕ್ಕ ಹಿಂದಿನ ಬಾಗಿಲಿಂದ ಸೆರಗಿನಾಗ ಮುಚ್ಚಿಕೊಂಡು ಎರಡು ಗಡ್ಡಿ ತಂದುಕೊಟ್ಲು. ಅಷ್ಟೊತ್ತಿಗೆ ಊಟ ಮುಗಿದಿತ್ತು. ಆವತ್ತು ರಾತ್ರಿ ನಮ್ಮತ್ತಿ ಒಂದ ಮಾತು ಅಂದ್ರು: "ಬೆಳೆಯೋರ ಮನ್ಯಾಗ ಉಳ್ಳಾಗಡ್ಡಿ ಇಲ್ಲಂದ್ರ ಅದು ದರದ ತಪ್ಪಲ್ಲ ಯವ್ವಾ, ನಮ್ಮ ತಪ್ಪು."

ನಿಮ್ಮ ಮನ್ಯಾಗೂ ಗಂಡಸರು ಹಿಂಗ ಅಂತಿರಬೇಕು: "ಚೀಲಗಟ್ಟಲೆ ಬೆಳೀತೀವಿ, ಎರಡು ಚೀಲ ಮನಿಗೆ ಇಟ್ಟುಕೋ. ಹಿತ್ತಲದಾಗ ಯಾಕ ಬ್ಯಾರೆ ಬೆಳೀತಿ?" ನಾವೂ ಇಟ್ಟು ನೋಡೀವಿ. ಮುಂಗಾರಿ ಗಡ್ಡಿ ಮಳ್ಯಾಗ ಬೆಳೆದು ಹಸಿ ಹವಾದಾಗ ಕಿತ್ತಿದ್ದು. ಅದರ ಮೈಯಾಗ ನೀರು ಹೆಚ್ಚು, ಕುತ್ತಿಗಿ ಪೂರಾ ಒಣಗಿರೂದಿಲ್ಲ, ಸಿಪ್ಪಿ ತೆಳ್ಳಗ. ದೀಪಾವಳಿಗೆ ಇಟ್ಟ ಚೀಲ ಸಂಕ್ರಾಂತಿ ಹೊತ್ತಿಗೆ ಅರ್ಧ ಮೊಳಕಿ, ಅರ್ಧ ನೀರು. ಚಳಿಗಾಲದಾಗ ಬೆಳೆದು ಬ್ಯಾಸಗಿ ಬಿಸಿಲಿಗೆ ಕಿತ್ತ ಗಡ್ಡಿ ಹಂಗಲ್ಲ. ಅದು ನಾಲ್ಕರಿಂದ ಆರು ತಿಂಗಳು ತಡೀತೈತಿ. ಶ್ರಾವಣದಿಂದ ಮುಂದ ದರ ಏರೂದೂ ಈ ಹಳೇ ಗಡ್ಡಿ ಮುಗಿಯಾಕ ಬಂದು ಹೊಸಾದು ಇನ್ನೂ ಬರದೇ ಇರೂ ಹೊತ್ತಿನ್ಯಾಗನ. ಅಷ್ಟು ದಿನ ನಮ್ಮ ಜಂತಿಗೆ ತೂಗೂ ಗಡ್ಡಿ ನಮ್ಮನ್ನ ಸಾಕಿದ್ರ ಸಾಕು.

ಇನ್ನ ತಂಗಿ ಕೇಳಿದ ಸಿಹಿ ಮಾತಿಗೆ ಬರೂಣು. ಉಳ್ಳಾಗಡ್ಡಿ ಖಾರ ಬರೂದು ಮಣ್ಣಿನ್ಯಾಗಿಂದ ಅದು ಹೀರಿಕೊಂಡ ಗಂಧಕದಿಂದ. ಕಣ್ಣಾಗ ನೀರು ತರಸೂದೂ ಅದ. ಸಿಹಿ ಉಳ್ಳಾಗಡ್ಡಿಯೊಳಗ ಸಕ್ರಿ ಬಾಳ ಇರತೈತಿ ಅಂತ ತಿಳಕೊಂಡೀವಿ, ಹಂಗಲ್ಲ. ಖಾರ ಕಡಿಮಿ ಇರತೈತಿ, ನೀರು ಹೆಚ್ಚಿರತೈತಿ, ಅದಕ್ಕ ನಾಲಿಗಿಗೆ ಸಿಹಿ ಹತ್ತತೈತಿ. ನೀರು ಹೆಚ್ಚಿದ್ದು ಲಗೂನ ಕೊಳೀತೈತಿ. ಅಮೆರಿಕದ ಜಾರ್ಜಿಯಾ ರಾಜ್ಯದಾಗ ವಿಡೇಲಿಯಾ ಅಂತ ಸಿಹಿ ಉಳ್ಳಾಗಡ್ಡಿ ಐತಿ. ಗಂಧಕ ಕಡಿಮಿ ಇರೂ ಮಳಲು ಮಣ್ಣಾಗ ಬೆಳೀತೈತಿ. ಯಾವ ಸೀಮಿದಕ್ಕ ಆ ಹೆಸರು ಹೇಳಬೇಕು ಅಂತ 1986ರಾಗ ಕಾನೂನನ್ನ ಮಾಡ್ಯಾರ. ಅಷ್ಟು ಮಾನ ಇರೂ ಗಡ್ಡಿನೂ ನಮ್ಮ ಖಾರ ಗಡ್ಡಿ ತಡದಂಗ ತಡಿಯೂದಿಲ್ಲ.

"ಹಂಗಾದ್ರ ಕುಮಟಾದ್ದು?" ಅಂತ ನೀವು ಕೇಳತೀರಿ, ಕೇಳಬೇಕು. ಗೋಕರ್ಣ, ಮುರ್ಡೇಶ್ವರಕ್ಕ ಹೋಗಿಬಂದೋರೆಲ್ಲಾ ನೋಡೀರಿ. ಕುಮಟಾದ ಹತ್ರ ಅಳ್ವೆಕೋಡಿ ಕಡೆ ಹೆದ್ದಾರಿ ದಂಡಿಗೆ ಹೆಣ್ಮಕ್ಕಳು ಉಳ್ಳಾಗಡ್ಡಿಗೆ ಜಡಿ ಹೆಣೆದು ಸಾಲಾಗಿ ತೂಗು ಹಾಕಿ ಮಾರತಾರ. ಅದು ಸಿಹಿನೂ ಹೌದು, ತೂಗು ಹಾಕಿದ್ರ ಮಳಿಗಾಲ ತಡಿಯೂದೂ ಹೌದು. ನಾನೂ ಒಂದು ಜಡಿ ತಂದೆ, ಕಡೀಗೆ ಉಳಿದ ನಾಲ್ಕು ಗಡ್ಡಿ ಹಚ್ಚಿ ಬೀಜ ಮಾಡಿ, ಆ ಬೀಜ ಮರುವರ್ಷ ಹಾಕಿದೆ. ನಮ್ಮ ಎರಿ ಮಣ್ಣಾಗ ಗಡ್ಡಿ ಸಣ್ಣ ಬಂತು, ಆ ಸಿಹಿನೂ ಬರಲಿಲ್ಲ. ಭತ್ತ ಕೊಯ್ದ ಗದ್ದಿ, ಸಮುದ್ರದ ದಂಡಿ ಮಳಲು, ಅಲ್ಲೇ ವರ್ಷಾ ವರ್ಷಾ ಉಳಿಸಿಕೊಂಡು ಬಂದ ಬೀಜ, ಇವನ್ನೆಲ್ಲಾ ನಾ ಕಾರಿನ ಡಿಕ್ಕಿಯೊಳಗ ಹ್ಯಾಂಗ ತರಲಿ? ಆ ಹೆಣ್ಮಕ್ಕಳಿಂದ ನಾವು ಕಲೀಬೇಕಾದ್ದು ಜಡಿ ಹೆಣೆಯೂದು ಮತ್ತ ನಮ್ಮ ಬೀಜ ನಾವು ಉಳಿಸಿಕೊಳ್ಳೂದು. ಸಿಹಿ ಬೇಕಂದ್ರ ನಮ್ಮ ಖಾರ ಗಡ್ಡಿನ ಎಣ್ಣ್ಯಾಗ ಸಣ್ಣ ಉರಿ ಮ್ಯಾಲೆ ಬಾಡಿಸ್ರಿ, ತಾನ ಸಿಹಿ ಬಿಡತೈತಿ.

ಈಗ ಮಾಡೂ ರೀತಿ. ಲೆಕ್ಕ ಹಬ್ಬದ ಮ್ಯಾಲೆ ಇಟ್ಟುಕೊಳ್ಳಿರಿ, ತಪ್ಪೂದಿಲ್ಲ. ದೀಪಾವಳಿ ಆಜೂಬಾಜು ಬೀಜ ಹಾಕೂದು. ಎಳ್ಳ ಅಮವಾಸಿ ಹೊತ್ತಿಗೆ ಅಗಿ ಕಿತ್ತು ಹಚ್ಚೂದು, ತಡ ಆದ್ರೂ ಕೊಪ್ಪಳದ ಗವಿಮಠದ ಜಾತ್ರಿಯೊಳಗ ಮುಗೀಬೇಕು. ಯುಗಾದಿ ಕಳೆದ ಮ್ಯಾಲೆ ಕೀಳೂದು. ಬಾಳ ಮುಂಚೆ ಹಚ್ಚಿದ್ರ, ಇಲ್ಲಾ ಅಗಿ ಬಲಿತ ಮ್ಯಾಲೆ ಹಚ್ಚಿದ್ರ, ಚಳಿಗೆ ನಡುವ ಹೂವಿನ ದಂಟು ಏಳತೈತಿ. ದಂಟು ಎದ್ದ ಗಡ್ಡಿ ಇಡಾಕ ಬರೂದಿಲ್ಲ.

ಬೀಜ ಕರ್ರಗ ಹೊಸಾದಿರಬೇಕು. ಉಳ್ಳಾಗಡ್ಡಿ ಬೀಜ ವರ್ಷಕ್ಕ ಸೊರಗತೈತಿ, ಡಬ್ಬ್ಯಾಗ ಉಳಿದ ಹಳೇ ಬೀಜ ನೆಚ್ಚಬ್ಯಾಡ್ರಿ. ಅಂಗಡ್ಯಾಗ ತರೂದಾದ್ರ ಹಿಂಗಾರಿ ತಳಿ ಕೇಳ್ರಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನ, ನಾಶಿಕ ಕಡೆಯ ಎನ್ 2-4-1, ಪುಣೆ ಹತ್ರದ ರಾಜಗುರುನಗರದ ಭೀಮಾ ಕಿರಣ, ಇವು ಇಡಾಕ ಬರೂ ಗಡ್ಡಿ. ಎನ್ 53, ಅರ್ಕಾ ಕಲ್ಯಾಣ ಅಂದ್ರ ಅವು ಮುಂಗಾರಿವು. ಬೆಳೀತಾವ, ಇಡಾಕ ಬರೂದಿಲ್ಲ. 10 ಗ್ರಾಂ ಬೀಜ ಒಂದು ಮನಿಗೆ ಬಾಳಾತು. ದೊಡ್ಡ ಪಾಕೀಟು ತಂದು ಓಣ್ಯಾಗ ಹಂಚಿಕೊಳ್ಳಿರಿ.

ಸಾಲಿಂದ ಸಾಲಿಗೆ ಅರ್ಧ ಅಡಿ, ಅಗಿಯಿಂದ ಅಗಿಗೆ ನಾಲ್ಕು ಇಂಚು. 10 ಅಡಿ ಅಗಲ, 20 ಅಡಿ ಉದ್ದ ಜಾಗ ಇದ್ರ ಓಡಾಡೂ ದಾರಿ ಬಿಟ್ಟು ಸಾವಿರ ಅಗಿ ಕೂಡತಾವ. ಹಚ್ಚೂದಕ್ಕ ಮೊದಲ ಚೆಂದಾಗಿ ಕಳತ ತಿಪ್ಪಿಗೊಬ್ಬರ ಕೂಡಿಸ್ರಿ. ಉಳ್ಳಾಗಡ್ಡಿ ಬೇರು ಮ್ಯಾಲೇ ಇರತೈತಿ, ಅದಕ್ಕ ನೀರು ಸ್ವಲ್ಪ ಸ್ವಲ್ಪ, ಮ್ಯಾಲಿಂದ ಮ್ಯಾಲೆ. ಕಸ ಕೈಲೇ ಕೀಳ್ರಿ, ಕುರ್ಪಿ ಆಳಕ್ಕ ಹಾಕಿದ್ರ ಬೇರು ಹರೀತೈತಿ. ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಹಾಕ್ರಿ, ಬಟ್ಟಿ ಒಗೆದ ಸೋಪಿನ ನೀರು ಬ್ಯಾಡ. ಉಪ್ಪು, ಸವಳು ಅಂದ್ರ ಉಳ್ಳಾಗಡ್ಡಿಗೆ ಆಗೂದಿಲ್ಲ. ಗಡ್ಡಿ ದಪ್ಪ ಆಗಲಿ ಅಂತ ಕಡೀಗೆ ಯೂರಿಯಾ ಉಗ್ಗತಾರಲ್ಲ, ಅದೊಂದು ಮಾಡಬ್ಯಾಡ್ರಿ. ಗಡ್ಡಿ ದಪ್ಪ ಆಗತೈತಿ ಖರೆ, ಕುತ್ತಿಗಿನೂ ದಪ್ಪ ಆಗತೈತಿ. ದಪ್ಪ ಕುತ್ತಿಗಿ ಒಣಗೂದಿಲ್ಲ, ಅಲ್ಲಿಂದನ ಕೊಳೆ ಇಳಿಯೂದು.

ಗಂಗಾವತಿ ಕಡೆ ಕಾಲುವಿ ನೀರಿನ ಗದ್ದಿ ಸೀಮಿಯಾಗ ಇರೋರು ಮಡಿ ಅರ್ಧ ಅಡಿ ಎತ್ತರಿಸಿಕೊಳ್ಳಿರಿ, ಬುಡದಾಗ ನೀರು ನಿಂತ್ರ ಕೆಲಸ ಕೆಟ್ಟಂಗ. ನಮ್ಮ ಯಲಬುರ್ಗಾದ ಎರಿ ಮಣ್ಣೋರು ಮಳಲು, ಗೊಬ್ಬರ ಕೂಡಿಸಿ ಮಣ್ಣು ಸಡಿಲ ಮಾಡ್ರಿ, ಇಲ್ಲಾಂದ್ರ ಕೀಳೂ ಹೊತ್ತಿಗೆ ಬಿರುಸಾಗಿ ಗಡ್ಡಿ ಗಾಯ ಆಗತಾವ. ನನ್ನ ತವರುಮನಿ ಕುಷ್ಟಗಿ ಕಡೆ ಮಸಾರಿ ಮಣ್ಣಿಗೆ ಆ ಕಾಟ ಇಲ್ಲ, ಆದ್ರ ಲಗೂನ ಆರತೈತಿ, ನೀರಿನ ಪಾಳಿ ತಪ್ಪಿಸಬ್ಯಾಡ್ರಿ. ಕೊಪ್ಪಳದಾಗ ಬಾಡಗಿ ಮನ್ಯಾಗ ಇರೂ ನಮ್ಮ ಚಿಗವ್ವನ ಮಗಳಿಗೆ ಹಿತ್ತಲ ಇಲ್ಲ. ಅಕಿ ಮಾಳಿಗಿ ಮ್ಯಾಲೆ ಸಿಮೆಂಟ್ ಚೀಲ ಕೊಯ್ದು ಹಾಸಿ, ಮಣ್ಣು ತುಂಬಿ, ನೂರು ಅಗಿ ಹಚ್ಚತಾಳ. ನೂರು ಅಗಿ ಅಂದ್ರ ಐದು ಕಿಲೋ. ಪಂಚಮಿ ಹಬ್ಬಕ್ಕಾತಲ್ಲ ಅಂತಾಳ.

ಈಗ ಮುಖ್ಯ ಮಾತು. ಬೆಳೆಯೂದು ಯಾರಿಗೂ ಬರತೈತಿ. ಕೆಡಸೂದು ಕಡೇ ತಿಂಗಳಿನ್ಯಾಗ. ನೂರಕ್ಕ ಅರವತ್ತು ಎಪ್ಪತ್ತು ಗಿಡದ ತಪ್ಪಲ ತಾನಾಗೇ ಬಾಗಿ ಬಿದ್ದಾಗ ಕೀಳಬೇಕು. ಅದಕ್ಕ ಹತ್ತು ಹದಿನೈದು ದಿನ ಮೊದಲ ನೀರು ಬಂದ್ ಮಾಡಬೇಕು. ಅಲ್ಲೇ ನಮ್ಮ ಕೈ ತಡಿಯೂದಿಲ್ಲ. "ಇನ್ನೊಂದು ನೀರು ಬಿಟ್ರ ಇನ್ನೊಂದೀಟು ದಪ್ಪ ಆಗತೈತಿ" ಅನ್ನೂ ಆಸೆ. ಆ ಒಂದು ನೀರಿನ್ಯಾಗನ ಎರಡು ತಿಂಗಳ ಬಾಳಿಕಿ ಹೋಗತೈತಿ. ನಮ್ಮತ್ತಿ ಬಕೀಟು ತಗೊಂಡು ಒಳಗಿಟ್ಟು ಬಿಡತಿದ್ರು, ನನ್ನ ಮ್ಯಾಲೆ ಅಷ್ಟು ನಂಬಿಕಿ!

ಕಿತ್ತ ಮ್ಯಾಲೆ ಮೂರ್ನಾಲ್ಕು ದಿನ ಅಲ್ಲೇ ಸಾಲಾಗಿ ಒರಗಿಸ್ರಿ. ಒಂದು ಸಾಲಿನ ತಪ್ಪಲ ಇನ್ನೊಂದು ಸಾಲಿನ ಗಡ್ಡಿ ಮ್ಯಾಲೆ ಬರೂವಂಗ, ಮಗಳ ತಲಿಗೆ ಸೆರಗು ಹೊಚ್ಚಿದಂಗ. ನಮ್ಮ ಏಪ್ರಿಲ್ ಬಿಸಿಲಿಗೆ ಬರೀ ಗಡ್ಡಿ ಬಿಟ್ರ ಬೆಂದು ಹೋಗತಾವ. ಆಮ್ಯಾಲೆ ಹತ್ತು ಹದಿನೈದು ದಿನ ಗಾಳಿ ಆಡೂ ನೆಳ್ಳಿನ್ಯಾಗ. ಕುತ್ತಿಗಿ ಹಿಚುಕಿದ್ರ ಹಸಿ ಹತ್ತಬಾರದು, ಸಿಪ್ಪಿ ಸರಸರ ಅನಬೇಕು. ಅಲ್ಲಿ ತನಕ ತಪ್ಪಲ ಕೊಯ್ಯಬಾರದು. ಕೊಯ್ಯೂವಾಗ ಒಂದು ಇಂಚು ಕುತ್ತಿಗಿ ಬಿಡ್ರಿ, ಬುಡಕ್ಕ ಕೊಯ್ದ್ರ ಕೊಳೀಗೆ ಬಾಗಿಲು ತೆರೆದಂಗ. ಜಡಿ ಹೆಣೆಯೋರು ಕೊಯ್ಯೂದ ಬ್ಯಾಡ. ತಪ್ಪಲ ಅರ್ಧ ಬಾಡಿ ಇನ್ನೂ ಮೆತ್ತಗ ಇರೂವಾಗ, ನಡುವ ಒಂದು ಸುತಳಿ ಕೂಡಿಸಿ ಹೆಣೀರಿ, ಪೂರಾ ಒಣಗಿದ್ರ ಮುರೀತೈತಿ.

ಇಡೂ ಮೊದಲ ಆರಿಸೂದು. ದಂಟು ಎದ್ದದ್ದು, ಜೋಡಗಡ್ಡಿ, ದಪ್ಪ ಕುತ್ತಿಗಿದು, ಕುರ್ಪಿ ತಾಗಿದ್ದು, ಇವು ಮೊದಲ ತಿನ್ನೂವು. ನಮ್ಮ ಮನ್ಯಾಗ ಬ್ಯಾಸಗಿ ಒಗ್ಗರಣಿ, ಮಿರ್ಚಿ ಎಲ್ಲಾ ಇವುಗಳದ್ದ. ಗಟ್ಟಿ ಇರೂ ನಡುತರದ ಗಡ್ಡಿ ಇಡೂವು. ಜಂತಿ ಮನಿ ಇದ್ರ ಜಂತಿಗೆ ತೂಗು ಹಾಕ್ರಿ. ಆರ್‌ಸಿಸಿ ಮನ್ಯಾಗ ಜಂತಿ ಎಲ್ಲಿಂದ ಬರಬೇಕು? ಹಳೇ ಹಗ್ಗದ ಹೊರಸು ಒಗೀಬ್ಯಾಡ್ರಿ. ಅದರ ಮ್ಯಾಲೆ ತೆಳ್ಳಗ ಹರವಿದ್ರ ಕೆಳಗಿಂದ್ಲೂ ಗಾಳಿ ಆಡತೈತಿ, ಅದಕ್ಕಿಂತ ಚಲೋ ಕಪಾಟು ಇಲ್ಲ. ಪ್ಲಾಸ್ಟಿಕ್ ಚೀಲ ಬ್ಯಾಡ, ಫ್ರಿಜ್ ಬ್ಯಾಡ, ಆಲೂಗಡ್ಡಿ ಜೊತಿ ಬ್ಯಾಡ, ಬರೀ ನೆಲದ ಮ್ಯಾಲೆ ಬ್ಯಾಡ. ಮಳಿಗಾಲದಾಗ ವಾರಕ್ಕೊಮ್ಮೆ ಕೈಯಾಡಿಸ್ರಿ. ಮೂಗು ಮೊದಲ ಹೇಳತೈತಿ ಎಲ್ಲಿ ಕೊಳೆತೈತಿ ಅಂತ. ಒಂದು ತೆಗೆದ್ರ ಹತ್ತು ಉಳೀತಾವ.

ಹೋದ ಸಲ ನಾ ತೂಗಿ ಬರೆದಿಟ್ಟೀನಿ. ಏಪ್ರಿಲ್ ಕಡೀಗೆ ಒಣಗಿಸಿ ತೂಗಿದಾಗ 54 ಕಿಲೋ. ಕೊಳೆತಿದ್ದು, ಮೊಳೆತಿದ್ದು, ಒಣಗಿ ತೂಕ ಕಡಿಮಿ ಆಗಿದ್ದು ಸೇರಿ 11 ಕಿಲೋ ಹೋತು. 43 ಕಿಲೋ ತಿಂದ್ವಿ. ದಿನಕ್ಕ ಕಾಲು ಕಿಲೋ ಹಿಡದ್ರ ದಸರಾ ತನಕ ಬಂತು.

ನಮ್ಮ ನೆಗೆಣ್ಣಿ ಈ ಲೆಕ್ಕ ನೋಡಿ ನಕ್ಕಳು. "ಅಕ್ಕಾ, 43 ಕಿಲೋಕ್ಕ 30 ರೂಪಾಯಿ ಹಿಡದ್ರ 1,290 ರೂಪಾಯಿ. ಇಷ್ಟಕ್ಕ ಅರ್ಧ ವರ್ಷ ಬಗ್ಗಿ ಬಗ್ಗಿ ಸೊಂಟ ಮುರಕೊಂಡ್ಯಾ?" ಅಂದ್ಲು. ಅಕಿ ಮಾತು ಸುಳ್ಳಲ್ಲ. ರೊಕ್ಕ ಉಳಿಸಾಕಂತ ಮಾಡೋರಿಗೆ ನಾ ಬ್ಯಾಡ ಅಂತೀನಿ. ನೀರಿಗೆ ತ್ರಾಸ ಇದ್ದವರು, ಕೂಲಿಗೆ ಹೋಗೋರು, ಕೈಕೂಸು ಇದ್ದವರು ಇದನ್ನ ಓದಿ ಮತ್ತೊಂದು ಭಾರ ತಲಿ ಮ್ಯಾಲೆ ಹೊತ್ತುಕೊಳ್ಳಬ್ಯಾಡ್ರಿ. ಸಂತ್ಯಾಗ ಬ್ಯಾಸಗಿ ಗಡ್ಡಿ ಅಗ್ಗ ಇದ್ದಾಗ ಒಣಗಿದ್ದನ್ನ ಆರಿಸಿ ಇಪ್ಪತ್ತು ಕಿಲೋ ತಂದು ಹೊರಸಿನ ಮ್ಯಾಲೆ ಹರವಿದ್ರೂ ಅರ್ಧ ಕೆಲಸ ಆದಂಗ.

ಆದ್ರ ನಾ ಮಾಡೂದು 1,290 ರೂಪಾಯಿಗೆ ಅಲ್ಲ. ಹೊಲದಾಗ ಏನು ಬಿತ್ತಬೇಕು, ಯಾವಾಗ ಕೀಳಬೇಕು, ಎಷ್ಟಕ್ಕ ಕೊಡಬೇಕು ಅನ್ನೂದನ್ನ ನನ್ನ ಯಾರೂ ಕೇಳೂದಿಲ್ಲ. ದರ ಅಂತೂ ಮನಿ ಗಂಡಸರ ಕೈಯಾಗೂ ಇಲ್ಲ. 2023ರ ಡಿಸೆಂಬರ್‌ನ್ಯಾಗ ಮತ್ತ ರಫ್ತು ಬಂದ್ ಮಾಡಿದ್ರು, ಅದು ತೆರೆದಿದ್ದು 2024ರ ಮೇ ತಿಂಗಳಿನ್ಯಾಗ. ಎಲ್ಲೋ ಕುಂತೋರು ಬರೆದ ಒಂದು ಹಾಳಿಗೆ ನಮ್ಮ ಚೀಲದ ಬೆಲಿ ಏರತೈತಿ, ಇಳೀತೈತಿ. ಹಿತ್ತಲದ ಆ ಇನ್ನೂರು ಅಡಿಯೊಳಗ ಮಾತ್ರ ನನ್ನ ಮಾತು ನಡೀತೈತಿ. ಮನಿಗೆ ಯಾರು ಬಂದ್ರೂ ತಾಟಿನ ದಂಡಿಗೆ ಒಂದು ಗಡ್ಡಿ ಇಡೂದಕ್ಕ ನಾ ಯಾರ ಕಡೆ ಕೈ ಚಾಚೂ ಹಂಗಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದಿ ಐತಿ. ಮದ್ದಾಗದಿದ್ರ ಬ್ಯಾಡ, ಮಾನ ಆಗತೈತಿ.

ಕಡೀದು ಬೀಜದ ಮಾತು. 2020ರ ದೀಪಾವಳಿಗೆ ನಮ್ಮತ್ತಿ ನನ್ನ ಕರೆದು ಹೊರಸಿನ ಮುಂದ ಕುಂದರಿಸಿದ್ರು. ಅವರ ಅವ್ವನ ಮನಿಯಿಂದ ತರಿಸಿದ್ದ ನಾಟಿ ಗಡ್ಡಿ ಇನ್ನೊಂದಿಷ್ಟು ಉಳಿದಿದ್ವು. ಒಂದೊಂದ ಒತ್ತಿ ನೋಡಿ, ಮೊಳಕಿ ಒಡೀದ, ಮೆತ್ತಗಾಗದ, ಸಿಪ್ಪಿ ಬಿಡದ ಹನ್ನೆರಡು ಗಡ್ಡಿ ಬ್ಯಾರೆ ತೆಗೆದ್ರು. "ಲಗೂನ ಕೆಡೂದನ್ನ ತಿನ್ನು, ಚೆಂದಿದ್ದದ್ದನ್ನ ಬೀಗರಿಗೆ ಕೊಡು, ಎಲ್ಲಾದಕ್ಕಿಂತ ಕಡೀತನಕ ತಡದದ್ದನ್ನ ಬೀಜಕ್ಕ ಹಚ್ಚು" ಅಂದ್ರು. ಅವನ್ನ ಮೂಲ್ಯಾಗ ಹಚ್ಚಿದ್ವಿ, ಯುಗಾದಿ ಹೊತ್ತಿಗೆ ಬಿಳೇ ಹೂವಿನ ಗೊಂಚಲು ಎದ್ದು ಜೇನು ಮುಸುರಿದ್ವು. ಆ ಬೀಜ ಬಿಡಿಸೂ ಹೊತ್ತಿಗೆ ಅತ್ತಿ ಇರಲಿಲ್ಲ.

ಹಿಂದಿನ ಹೆಣ್ಮಕ್ಕಳು ಹಿಂಗ ವರ್ಷಾ ವರ್ಷಾ ಆರಿಸಿ ಆರಿಸಿನ ಬಾಳಿಕಿ ಬರೂ ಗಡ್ಡಿ ಮಾಡ್ಯಾರ. ತಮಿಳುನಾಡಿನ್ಯಾಗ ದೊಡ್ಡ ಉಳ್ಳಾಗಡ್ಡಿಗೆ ಇವತ್ತಿಗೂ ಬಳ್ಳಾರಿ ವೆಂಗಾಯಂ ಅಂತಾರ. ನಮ್ಮ ಕಡೆ ಗಡ್ಡಿಗೆ ಅಷ್ಟು ಹೆಸರಿತ್ತು. ದಪ್ಪ ಇದ್ದದ್ದನ್ನೆಲ್ಲಾ ಮಾರಿ, ಉಳಿದದ್ದನ್ನ ತಿಂದು, ವರ್ಷಾ ಪಾಕೀಟು ಬೀಜ ತಂದ್ರ ಆ ಆರಿಸೂ ಕೈ ನಮ್ಮ ಜೊತಿಗೇ ಮುಗೀತೈತಿ. ಹೈಬ್ರಿಡ್ ಗಡ್ಡಿಯಿಂದ ಮಾಡಿದ ಬೀಜ ಅದರಂಗ ಬರೂದಿಲ್ಲ ಅನ್ನೂದೂ ನೆನಪಿರಲಿ, ಬೀಜಕ್ಕ ಹಚ್ಚೂದು ಸಾದಾ ತಳಿನ ಆಗಿರಬೇಕು.

ಹೊರಸಿನ ಮ್ಯಾಲೆ ಈ ಸಲನೂ ಒಂದಿಷ್ಟು ಗಟ್ಟಿ ಗಡ್ಡಿ ಕುಂತಾವ. ಬೀಜ ಬೇಕಾದೋರು ದೀಪಾವಳಿ ಮುಂದ ಬರ್ರಿ, ಒಂದು ಚಮಚ ಒಂದು ಮನಿಗೆ. ತಂಗಿ, ನೀನೂ ಬಾರವ್ವಾ, ಸಿಟ್ಟು ಬಿಡು. ಸಿಹಿ ಗಡ್ಡಿ ನನ್ನ ಕಡೆ ಇಲ್ಲ, ಬಂದ್ರ ಕರದಂಟು ಕೊಡತೀನಿ.